ಎದೆಯೊಳಗಿನ ಯಂತ್ರಕ್ಕೆ ಔಷಧದ ಹೊದಿಕೆ

ಮನೆಯ ಹಿರಿಯರಿಗೆ ಪೇಸ್‌ಮೇಕರ್ ಅಳವಡಿಸಬೇಕೆಂದು ವೈದ್ಯರು ಹೇಳಿದಾಗ ನಾವು ಖರ್ಚು ಕೇಳುತ್ತೇವೆ, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆಂದು ಕೇಳುತ್ತೇವೆ. ಸೋಂಕಿನ ಬಗ್ಗೆ ಕೇಳುವವರು ಕಡಿಮೆ. ಆದರೆ ಯಂತ್ರಕ್ಕೆ ಸೋಂಕು ತಗಲಿದರೆ ಬರೀ ಮಾತ್ರೆಯಿಂದ ಅದು ವಾಸಿಯಾಗುವುದು ಅಪರೂಪ. ಸಾಮಾನ್ಯವಾಗಿ ಯಂತ್ರವನ್ನೂ ಹೃದಯದವರೆಗಿನ ತಂತಿಗಳನ್ನೂ ಹೊರತೆಗೆಯಬೇಕಾಗುತ್ತದೆ.

ಹೀಗೇಕೆ? ಲೋಹ, ಪ್ಲಾಸ್ಟಿಕ್‌ಗಳೊಳಗೆ ರಕ್ತ ಹರಿಯುವುದಿಲ್ಲ. ಚರ್ಮದ ಮೇಲೆ ಸುಮ್ಮನಿರುವ ಬ್ಯಾಕ್ಟೀರಿಯಾಗಳು ಶಸ್ತ್ರಕ್ರಿಯೆಯ ವೇಳೆ ಅವುಗಳಿಗೆ ಅಂಟಿಕೊಂಡರೆ, ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಇದೇ ಬಯೋಫಿಲ್ಮ್. ಇದರೊಳಗೆ ಔಷಧದ ಆಟ ನಡೆಯುವುದು ಕಷ್ಟ. ಮಸೀದಿಯ ಹೌಝ್‌ನ ಗೋಡೆಗೆ ಪಾಚಿ ಹಿಡಿದರೆ ನೀರು ಬದಲಿಸಿದರಷ್ಟೇ ಸಾಲದಲ್ಲ, ಹಾಗೆಯೇ.

ಆದ್ದರಿಂದ ಬ್ಯಾಕ್ಟೀರಿಯಾ ಅಂಟುವ ಮೊದಲೇ ತಡೆಯುವ ಪ್ರಯತ್ನ ನಡೆದಿದೆ. ಮಿನೋಸೈಕ್ಲಿನ್ ಮತ್ತು ರಿಫಾಂಪಿಸಿನ್ ಲೇಪಿಸಿದ ಬಲೆಯಂಥ ಚೀಲದೊಳಗೆ ಪೇಸ್‌ಮೇಕರನ್ನು ಇಡುತ್ತಾರೆ. ಕನಿಷ್ಠ 7 ದಿನ ಔಷಧ ಜಿನುಗುತ್ತದೆ. ಸುಮಾರು 9 ವಾರಗಳಲ್ಲಿ ಚೀಲ ದೇಹದಲ್ಲೇ ಕರಗಿಹೋಗುತ್ತದೆ. ಸೋಂಕಿನ ಅಪಾಯ ಹೆಚ್ಚಿದ್ದ ಸುಮಾರು 7,000 ರೋಗಿಗಳ ಮೇಲಿನ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಗಂಭೀರ ಸೋಂಕು ಚೀಲವಿಲ್ಲದವರಲ್ಲಿ ಶೇ. 1.2, ಚೀಲವಿದ್ದವರಲ್ಲಿ ಶೇ. 0.7 ಇತ್ತು.

ಹಾಗೆಂದು ಪ್ರತಿ ಲೇಪನವೂ ಒಳಿತೇ ಎನ್ನಲಾಗದು. ಬೆಳ್ಳಿ ಲೇಪಿಸಿದ ಸಿಲ್ಜೋನ್ ಎಂಬ ಕೃತಕ ಹೃದಯ ಕವಾಟ ಬಂದಿತ್ತು. ಕೆಲವರಲ್ಲಿ ಕವಾಟದ ಅಂಚಿನಿಂದ ರಕ್ತ ಸೋರಿದ್ದರಿಂದ 2000ದಲ್ಲಿ ಅದನ್ನು ಹಿಂಪಡೆಯಲಾಯಿತು. ಆದ್ದರಿಂದ ನಮ್ಮ ರೋಗಿಗೆ ಇದು ಬೇಕೇ ಎಂದು ವೈದ್ಯರನ್ನೇ ಕೇಳಬೇಕು.

ಮನೆಯವರ ಪಾಲಿನ ಕೆಲಸವೂ ಇದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಗಾಯ ಮುಟ್ಟುವ ಮೊದಲು ಕೈ ತೊಳೆಯಿರಿ. ಕೆಂಪು, ಊತ, ಕೀವು, ಜ್ವರ ಕಂಡರೆ ಅಂಗಡಿಯ ಮಾತ್ರೆ ನುಂಗಿಸದೆ ಕೂಡಲೇ ಆಸ್ಪತ್ರೆಗೆ ಹೋಗಿ. ವುಝೂ ಮಾಡುವಾಗ ಎದೆ ತೊಳೆಯಬೇಕಾಗಿಲ್ಲ, ಆದರೆ ಗುಸ್ಲ್‌ನಲ್ಲಿ ಗಾಯ ನೆನೆಯುತ್ತದೆ. ನೀರು ತಾಗಿಸಬಾರದೆಂದು ವೈದ್ಯರು ಹೇಳಿದ್ದರೆ ಹಿರಿಯರು ಹಠ ಹಿಡಿಯುವುದು ಬೇಡ. ರೋಗಿಗೆ ಶರೀಅತ್ ರಿಯಾಯಿತಿ ನೀಡಿದೆ. ಅದರ ವಿಧಾನವನ್ನು ಮಸೀದಿಯ ಇಮಾಮರಲ್ಲಿ ಕೇಳಿ ತಿಳಿಯಿರಿ.

ದೇಹ ಅಲ್ಲಾಹನ ಅಮಾನತ್. ಶಿಫಾ ಅವನ ಕೈಯಲ್ಲಿದೆ. ಒಂಟೆಯನ್ನು ಕಟ್ಟುವ ಕೆಲಸ ನಮ್ಮದು.