ಕೆಂಪು ಬಸ್ಸಿನಲ್ಲಿ ಕಾನನಕ್ಕೆ: ನಾಗರಹೊಳೆಯ ದಾರಿಗಳು

ಮುಂಜಾನೆ ಆರು ಗಂಟೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಉದ್ಬೂರು ಗೇಟಿನ ಆಚೆ ಮಂಜು ಇನ್ನೂ ಮರಗಳ ಸೊಂಟ ಬಿಟ್ಟು ಮೇಲೆದ್ದಿಲ್ಲ. ಅರಣ್ಯ ಸಿಬ್ಬಂದಿ ಅಡ್ಡಗಂಬ ಎತ್ತುತ್ತಾರೆ. ರಾತ್ರಿಯಿಡೀ ವನ್ಯಜೀವಿಗಳಿಗೆ ಬಿಟ್ಟುಕೊಟ್ಟಿದ್ದ ರಸ್ತೆ ಮನುಷ್ಯರಿಗೆ ತೆರೆದುಕೊಳ್ಳುತ್ತದೆ. ಸಾರಿಗೆ ಸಂಸ್ಥೆಯ ಕೆಂಪು ಬಸ್ಸು ಒಳಗೆ ಸಾಗುತ್ತಲೇ ಮಾತು ತಾನಾಗಿ ತಗ್ಗುತ್ತದೆ. ಮಾನಂದವಾಡಿಗೆ ಹೊರಟ ವ್ಯಾಪಾರಿ, ಡಿ.ಬಿ. ಕುಪ್ಪೆಯ ಶಾಲೆಗೆ ಹೋಗುವ ಮೇಷ್ಟ್ರು, ಬಳ್ಳೆಯಲ್ಲಿ ಇಳಿಯಬೇಕಾದ ಅಜ್ಜಿ, ಎಲ್ಲರ ಮುಖವೂ ಕಿಟಕಿಯ ಕಡೆಗೆ. ದಿನನಿತ್ಯ ನೋಡಿದವರಿಗೂ ಈ ಕಾಡು ಹಳತಾಗುವುದಿಲ್ಲ. ತಿರುವಿನಲ್ಲಿ ಮರಿಯೊಂದಿಗೆ ಹೆಣ್ಣಾನೆ ನಿಂತಿದ್ದರೆ ಚಾಲಕರು ಹಾರನ್ ಮುಟ್ಟುವುದಿಲ್ಲ. ಅದು ದಾಟುವವರೆಗೆ ಕಾಯುವುದೇ ಇಲ್ಲಿನ ಸಂಚಾರ ನಿಯಮ.

ಜಗತ್ತಿನ ಹೆಸರಾಂತ ಹುಲಿಕಾಡುಗಳಲ್ಲಿ ಒಂದಕ್ಕೆ ಸಾಮಾನ್ಯ ಬಸ್ಸಿನ ಟಿಕೆಟ್ ಹಿಡಿದು ಹೋಗಬಹುದೆಂಬುದೇ ಮೈಸೂರು ಸೀಮೆಯ ಭಾಗ್ಯ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಯಾದ ಬಳಿಕ ರಾಜ್ಯದ ಮಹಿಳೆಯರಿಗಂತೂ ಸಾಮಾನ್ಯ ಬಸ್ಸುಗಳಲ್ಲಿ ಈ ವನದರ್ಶನ ಉಚಿತ.

ಮೂರು ಹೆಬ್ಬಾಗಿಲು

ಮೈಸೂರಿನಿಂದ ನಾಗರಹೊಳೆಗೆ ಮುಖ್ಯವಾಗಿ ಮೂರು ದಾರಿ. ಮೊದಲನೆಯದು ಎಚ್.ಡಿ. ಕೋಟೆ, ಅಂತರಸಂತೆ, ಕಾಕನಕೋಟೆ, ಬಳ್ಳೆ ಹಾದು ಕೇರಳದ ಗಡಿಯ ಬಾವಲಿಗೆ. ಎರಡನೆಯದು ಹುಣಸೂರಿನಿಂದ ವೀರನಹೊಸಹಳ್ಳಿ ಗೇಟಿನ ಮೂಲಕ ಮೂರ್ಕಲ್, ನಾಗರಹೊಳೆ ದಾಟಿ ಕೊಡಗಿನ ಕುಟ್ಟಕ್ಕೆ. ಮೂರನೆಯದು ಪಿರಿಯಾಪಟ್ಟಣ ತಾಲ್ಲೂಕಿನ ಪಂಚವಳ್ಳಿ, ಆನೆಚೌಕೂರು, ಮತ್ತಿಗೋಡು, ತಿತಿಮತಿ ಮಾರ್ಗವಾಗಿ ಗೋಣಿಕೊಪ್ಪಕ್ಕೆ. ತಂಬಾಕಿನ ಹೊಲಗಳೂ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳೂ ಹಿಂದೆ ಸರಿದು ಒಮ್ಮೆಲೇ ಕಾಡು ಎದುರಾಗುವ ಆ ಕ್ಷಣ ಹುಣಸೂರು, ಪಿರಿಯಾಪಟ್ಟಣದ ದಾರಿಗಳ ವಿಶೇಷ.

ಬಸ್ಸಿನ ಕಿಟಕಿಯೇ ಇಲ್ಲಿ ವನಪಾಠದ ಕಪ್ಪುಹಲಗೆ. ಪೂರ್ವದ ಅಂಚಿನಲ್ಲಿ ಮಳೆ ಕಡಿಮೆ. ದಿಂಡಿಗ, ಕಕ್ಕೆ, ಮುತ್ತುಗಗಳ ಒಣ ಎಲೆಯುದುರು ಕಾಡು ಬೇಸಿಗೆಯಲ್ಲಿ ಬೋಳಾಗಿ, ಹೂವಿನಿಂದಷ್ಟೇ ಬಣ್ಣ ತಳೆಯುತ್ತದೆ. ಕೊಡಗಿನತ್ತ ಸಾಗಿದಂತೆ ತೇಗ, ಬೀಟೆ, ಹೊನ್ನೆ, ನಂದಿ, ಮತ್ತಿಗಳು ಎತ್ತರವಾಗುತ್ತವೆ, ನೆರಳು ದಟ್ಟವಾಗುತ್ತದೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಸೀಳಿಕೊಂಡಿರುವುದು ಓಡುವ ಬಸ್ಸಿನಿಂದಲೂ ಕಾಣುತ್ತದೆ. ಮರಗಳ ನಡುವೆ ಹಠಾತ್ತಾಗಿ ಬಿಚ್ಚಿಕೊಳ್ಳುವ ತೇವದ ಹುಲ್ಲುಬಯಲುಗಳಿಗೆ ಇಲ್ಲಿಯವರು ‘ಹಡ್ಲು’ ಎನ್ನುತ್ತಾರೆ. ಬೇಸಿಗೆಯಲ್ಲೂ ಹಸಿರಾರದ ಈ ಹಡ್ಲುಗಳು ಜಿಂಕೆ, ಕಾಟಿ, ಆನೆಗಳ ಊಟದ ಮನೆ.

ಅರಮನೆ, ಖೆಡ್ಡಾ, ಬೆಳ್ಳಿತೆರೆ

ಹಾವಿನಂತೆ ಬಳುಕುವ ಹೊಳೆಯಿಂದ ಹೆಸರು ಪಡೆದ ಈ ಅರಣ್ಯಕ್ಕೆ ಮೈಸೂರು ಅರಮನೆಯೊಡನೆ ಗಾಢ ನಂಟು. ಕಬಿನಿಯ ದಡದ ಕಾಕನಕೋಟೆಯಲ್ಲಿ ಕಾಡಾನೆಗಳ ಹಿಂಡನ್ನು ತಮಟೆ, ಪಂಜು, ಕೂಗಿನಿಂದ ನದಿಗಟ್ಟಿ, ಮರದ ದಿಮ್ಮಿಗಳ ಆವರಣದಲ್ಲಿ ಸೆರೆಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ರಾಜಾತಿಥಿಗಳು ಅದನ್ನು ನೋಡಲೆಂದೇ ಬರುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಇಲ್ಲಿನ ಕಾಡುಕುರುಬರ ಕಥೆಯನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ ‘ಕಾಕನಕೋಟೆ’ ನಾಟಕವಾಗಿಸಿದರು. 1977ರಲ್ಲಿ ಸಿ.ಆರ್. ಸಿಂಹ ಅದನ್ನು ಚಲನಚಿತ್ರವಾಗಿಸಿದರು.

ಅದಕ್ಕೂ ಬಹಳ ಮುಂಚೆ ಈ ಸೀಮೆಯ ಬಾಲಕನೊಬ್ಬ ಹಾಲಿವುಡ್ ತಲುಪಿದ್ದ. ಕಬಿನಿ ತೀರದ ಕಾರಾಪುರದಲ್ಲಿ 1924ರಲ್ಲಿ ಜನಿಸಿದ ಮಾವುತನ ಮಗ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದ ಮೂಲಕ ವಿಶ್ವವಿಖ್ಯಾತನಾದ. ಇಂದು ಕಾರಾಪುರದಲ್ಲಿ ಇಳಿಯುವ ಪ್ರವಾಸಿಗರಲ್ಲಿ ಎಷ್ಟೋ ಮಂದಿಗೆ ತಾವು ಕಾಲಿಟ್ಟದ್ದು ಆ ತಾರೆಯ ತವರಿಗೆ ಎಂಬುದರ ಅರಿವಿರುವುದಿಲ್ಲ.

1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ತಲೆಯೆತ್ತಿದಾಗ ಕಾಡಿನ ಒಂದು ಪಾಲು ಜಲಸಮಾಧಿಯಾಯಿತು. ಆ ನಷ್ಟದ ಒಡಲಿನಿಂದಲೇ ಒಂದು ವೈಭವವೂ ಹುಟ್ಟಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಬಯಲಾದ ನೆಲದಲ್ಲಿ ಹುಲ್ಲು ಚಿಗುರುತ್ತದೆ. ಬಂಡೀಪುರ, ನಾಗರಹೊಳೆ, ವಯನಾಡುಗಳ ಆನೆಗಳು ಅಲ್ಲಿ ನೂರಾರು ಸಂಖ್ಯೆಯಲ್ಲಿ ಕೂಡುತ್ತವೆ. 1955ರಲ್ಲಿ ಚಿಕ್ಕ ಅಭಯಾರಣ್ಯವಾಗಿದ್ದ ಪ್ರದೇಶ ಮೈಸೂರು ಕಡೆಯ ಕಾಡುಗಳನ್ನೂ ಸೇರಿಸಿಕೊಂಡು 1988ರಲ್ಲಿ 643 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. 2022ರ ಗಣತಿಯ ಪ್ರಕಾರ ಇಲ್ಲಿ 141 ಹುಲಿಗಳಿವೆ. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇದಕ್ಕೆ ಮೂರನೇ ಸ್ಥಾನ.

ಯಾರ ಕಾಲುದಾರಿ?

ಬಸ್ಸು ಚಲಿಸುವ ಟಾರು ರಸ್ತೆಯ ಎರಡೂ ಬದಿಗೆ ಮಣ್ಣಿನ ಕಾಲುದಾರಿಗಳು ಕವಲೊಡೆದು ಮರೆಯಾಗುತ್ತವೆ. ಇಳಿದು ನಡೆಯಬೇಕೆಂಬ ಆಸೆ ಸಹಜ. ಆದರೆ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ಹೆಜ್ಜೆಯಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಆ ದಾರಿಗಳಿಗೆ ಬೇರೆ ವಾರಸುದಾರರಿದ್ದಾರೆ.

ಅವುಗಳನ್ನು ಮೊದಲು ತುಳಿದು ಮಾಡಿದ್ದು ಆನೆಗಳು. ನೀರಿನಿಂದ ನೀರಿಗೆ, ಏರು ತಪ್ಪಿಸಿ ಸಾಗುವ ಆನೆದಾರಿಗಿಂತ ಹದವಾದ ಜಾಡು ಕಾಡಿನಲ್ಲಿ ಇನ್ನೊಂದಿಲ್ಲ. ಅದೇ ಜಾಡಿನಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆಮಾರುಗಳಿಂದ ಜೇನು, ಗೆಡ್ಡೆ ಅರಸಿ ನಡೆದರು. ಅವರಲ್ಲಿ ಅನೇಕ ಕುಟುಂಬಗಳು ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದಿವೆ. ಹಾಡಿ ಬಿಡಲೊಪ್ಪದೆ ಅರಣ್ಯ ಹಕ್ಕಿಗಾಗಿ ಕಾದಿರುವವರೂ ಇದ್ದಾರೆ. ಈ ಕಾಡಿನ ಹಿರಿಮೆಯನ್ನು ಹೇಳುವಾಗ ಅವರ ಅಳಲನ್ನು ಬಿಟ್ಟರೆ ಚಿತ್ರ ಅರ್ಧವೇ.

ಇಂದು ಈ ದಾರಿಗಳಲ್ಲಿ ಹೆಚ್ಚು ನಡೆಯುವವರು ಕಳ್ಳಬೇಟೆ ತಡೆ ಶಿಬಿರಗಳ ಕಾವಲುಗಾರರು. ದಶಕಗಳ ಕಾಲ ಇಲ್ಲಿ ದುಡಿದು 2024ರಲ್ಲಿ ನಿಧನರಾದ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ನಿಷ್ಠುರ ಕಾವಲು ನಾಗರಹೊಳೆಯ ಪುನಶ್ಚೇತನದ ಅಧ್ಯಾಯವೇ ಸರಿ. 1986ರಲ್ಲಿ ಸಂಶೋಧನೆ ಆರಂಭಿಸಿದ ಉಲ್ಲಾಸ ಕಾರಂತರು 1990ರಲ್ಲಿ ಇಲ್ಲಿನ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿದರು. ಬಳಿಕ ಅವರು ರೂಪಿಸಿದ ಕ್ಯಾಮೆರಾ ಗಣತಿಯ ವಿಧಾನ ಜಗತ್ತಿನ ಗಮನ ಸೆಳೆಯಿತು. ದಾರಿಯ ಎರಡೂ ಬದಿಗೆ, ಮೊಣಕಾಲಿನ ಎತ್ತರದಲ್ಲಿ, ಎದುರುಬದುರಾಗಿ ಎರಡು ಕ್ಯಾಮೆರಾ. ಎರಡೇಕೆ? ಹುಲಿಯ ಎಡಮೈಯ ಪಟ್ಟೆಗಳಿಗೂ ಬಲಮೈಯ ಪಟ್ಟೆಗಳಿಗೂ ಹೋಲಿಕೆಯಿಲ್ಲ. ಎರಡೂ ಪಕ್ಕೆಯ ಚಿತ್ರ ಸಿಕ್ಕಾಗಲೇ ಆ ಹುಲಿಯ ಗುರುತು ಪೂರ್ಣ. ಮನುಷ್ಯನ ಬೆರಳಚ್ಚಿನಂತೆ ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಗಣತಿಯ ಕಾಲದಲ್ಲಿ ನಸುಕಿಗೇ ಹೊರಟು, ನೇರಗೆರೆಯ ಜಾಡಿನಲ್ಲಿ ಸದ್ದಿಲ್ಲದೆ ನಡೆದು, ಕಂಡ ಪ್ರತಿ ಜಿಂಕೆ, ಕಡವೆ, ಕಾಟಿಯ ದೂರವನ್ನೂ ದಿಕ್ಕಿನ ಕೋನವನ್ನೂ ಬರೆದುಕೊಳ್ಳುವ ಸಿಬ್ಬಂದಿಯ ನಡಿಗೆಯೇ ನಾಗರಹೊಳೆಯ ನಿಜವಾದ ಚಾರಣ.

ಸಾಮಾನ್ಯರ ಪಾಲಿನ ಪಥ

ಹಾಗೆಂದು ನಡೆಯುವ ಹಂಬಲಕ್ಕೆ ಉತ್ತರವೇ ಇಲ್ಲವೆಂದಲ್ಲ. ಉದ್ಯಾನಕ್ಕೆ ನೆರೆಯಾಗಿ ಕೊಡಗಿನಲ್ಲಿರುವ ಬ್ರಹ್ಮಗಿರಿ ವನ್ಯಜೀವಿಧಾಮದಲ್ಲಿ ಅಧಿಕೃತ ಚಾರಣ ಪಥವಿದೆ. ಗೋಣಿಕೊಪ್ಪ–ಕುಟ್ಟ ಮಾರ್ಗದ ಬಸ್ಸಿನಲ್ಲಿ ಹೋಗಿ ಇರ್ಪು ಕವಲಿನಲ್ಲಿ ಇಳಿದರೆ ರಾಮೇಶ್ವರ ದೇಗುಲ, ಅದರಾಚೆ ಜಲಪಾತ. ಅಲ್ಲಿಂದ ಮೇಲೇರುವ ದಾರಿ ನರಿಮಲೆಯ ಅರಣ್ಯ ವಸತಿಗೃಹ ದಾಟಿ, ಶೋಲಾ ಮತ್ತು ಹುಲ್ಲುಗಾವಲುಗಳ ನಡುವೆ 1608 ಮೀಟರ್ ಎತ್ತರದ ಶಿಖರಕ್ಕೆ ಒಯ್ಯುತ್ತದೆ. ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥವೇ ಮುಂದೆ ಹನಗೋಡು, ಹುಣಸೂರುಗಳಲ್ಲಿ ಹರಿದು, ಕೆ.ಆರ್. ನಗರ ಸೀಮೆಯ ಅಂಚಿನಲ್ಲಿ ಕೃಷ್ಣರಾಜಸಾಗರದ ಹಿನ್ನೀರು ಸೇರುತ್ತದೆ. ಕಾಡು ನೋಡದವರ ಗದ್ದೆಗೂ ಕಾಡಿನ ನೀರೇ ಆಧಾರ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರು ಕಿಕ್ಕಿರಿದ ಪ್ರಸಂಗದ ನಂತರ ರಾಜ್ಯದಲ್ಲಿ ಚಾರಣಕ್ಕೆ ನಿಯಂತ್ರಣ ಬಂತು. ಅದೇ ವರ್ಷ ಆರಂಭವಾದ ‘ಅರಣ್ಯ ವಿಹಾರ’ ತಾಣದಲ್ಲಿ ಈಗ ಮುಂಗಡ ನೋಂದಣಿ ಮಾಡಿಕೊಳ್ಳಬೇಕು. ಎಚ್.ಡಿ. ಕೋಟೆ, ಸರಗೂರು ಭಾಗದಲ್ಲಿ ಹುಲಿದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರ್‌ನಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೂ ಆ ಭಾಗದ ಚಾರಣವನ್ನೂ ನಿಲ್ಲಿಸಿತ್ತು. ಆದ್ದರಿಂದ ದಮ್ಮನಕಟ್ಟೆ, ವೀರನಹೊಸಹಳ್ಳಿ, ನಾಣಚ್ಚಿಗಳ ಸಫಾರಿಗಾಗಲೀ ಚಾರಣಕ್ಕಾಗಲೀ ಹೊರಡುವ ಮುನ್ನ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಬಸ್ಸಿಗೆ ಆ ಚಿಂತೆಯಿಲ್ಲ. ಅದು ಹಾಡಿಯವರ, ಹಳ್ಳಿಯವರ ನಿತ್ಯದ ಬದುಕಿನ ವಾಹನ.

ವರ್ಷಕ್ಕೊಮ್ಮೆ ಮಾತ್ರ ನಡಿಗೆಯ ದಿಕ್ಕು ತಿರುಗುತ್ತದೆ. ದಸರೆಗೆ ಮುನ್ನ ವೀರನಹೊಸಹಳ್ಳಿಯಲ್ಲಿ ಪೂಜೆಗೊಂಡು ಗಜಪಡೆ ಮೈಸೂರಿಗೆ ಹೊರಡುತ್ತದೆ. ಹಿಂದೆ ಆನೆಗಳು ದಾರಿಯುದ್ದಕ್ಕೂ ನಡೆದೇ ಬರುತ್ತಿದ್ದವು, ಈಗ ಲಾರಿಗಳಲ್ಲಿ ಬರುತ್ತವೆ. 1968ರ ಕಾಕನಕೋಟೆ ಖೆಡ್ಡಾದಲ್ಲಿ ಸೆರೆಸಿಕ್ಕ ಅರ್ಜುನ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತು, 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಾಡಿನಲ್ಲಿ ಕಾಡಾನೆಯೊಡನೆ ಕಾದಾಡುತ್ತಾ ಮಡಿದ. ಅವನ ಶಿಬಿರವಿದ್ದದ್ದು ಇದೇ ಬಳ್ಳೆಯಲ್ಲಿ. ಅಲ್ಲಿ ಬಸ್ಸು ನಿಂತಾಗ ಇಳಿಯುವವರು ಇಂದಿಗೂ ಒಮ್ಮೆ ಅತ್ತ ತಿರುಗಿ ನೋಡಿ ಮುಂದೆ ಸಾಗುತ್ತಾರೆ.

ಸಂಜೆ ಆರರೊಳಗೆ ಮರಳುವ ಬಸ್ಸು ಗೇಟು ದಾಟಬೇಕು. ಅದು ದಾಟಿದ ಮೇಲೆ ಅಡ್ಡಗಂಬ ಇಳಿಯುತ್ತದೆ. ಬಿಸಿಲಿಗೆ ಕಾದ ಟಾರು ಮೆಲ್ಲನೆ ತಣಿಯುತ್ತದೆ. ಬಳ್ಳೆಯ ಕಡೆಯಿಂದ ಹಿಂಡೊಂದು ಬಂದು ರಸ್ತೆಗಿಳಿದರೆ, ಮುಂಜಾನೆಯವರೆಗೆ ಅದೂ ಒಂದು ಆನೆದಾರಿ.