ತೇಲುವ ಅಕ್ಕಿ, ಬೇಯದ ಬೇಳೆ: ಅಡುಗೆಮನೆಯ ತಪ್ಪು ಕಲ್ಪನೆ ಮತ್ತು ಸತ್ಯ

ಪಡಿತರದ ಅಕ್ಕಿಯನ್ನು ತೊಳೆಯುವಾಗ ಕೆಲವು ಕಾಳು ಮೇಲೆ ತೇಲಿದರೆ ಅದು ಪ್ಲಾಸ್ಟಿಕ್ ಅಕ್ಕಿ ಎಂಬ ನಂಬಿಕೆ ಹಳ್ಳಿಯಲ್ಲೂ ಪೇಟೆಯಲ್ಲೂ ಹರಡಿದೆ. ಹೀಗೆ ತೇಲುವುದು ಬಹುತೇಕ ಸಾರವರ್ಧಿತ ಕಾಳು. ಅಕ್ಕಿಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ ಮತ್ತು ವಿಟಮಿನ್ ಬಿ12 ಸೇರಿಸಿ, ಶಾವಿಗೆಯಂತೆ ಯಂತ್ರದಲ್ಲಿ ಒತ್ತಿ, ಅಕ್ಕಿಯ ಅಳತೆಗೆ ಕತ್ತರಿಸಿ ಒಣಗಿಸಿ ಇದನ್ನು ತಯಾರಿಸುತ್ತಾರೆ. 100 ಕೆ.ಜಿ. ಸಾಮಾನ್ಯ ಅಕ್ಕಿಗೆ ಸುಮಾರು 1 ಕೆ.ಜಿ.ಯಷ್ಟು ಇಂಥ ಕಾಳು ಬೆರೆಸಲಾಗುತ್ತದೆ. ಸರ್ಕಾರಿ ಯೋಜನೆಗಳ ಅಕ್ಕಿಯನ್ನೆಲ್ಲ ಹೀಗೆ ಸಾರವರ್ಧಿತಗೊಳಿಸುವುದಾಗಿ ಪ್ರಧಾನಿ 2021ರ ಆಗಸ್ಟ್ 15ರ ಭಾಷಣದಲ್ಲಿ ಘೋಷಿಸಿದ್ದರು. ಗದ್ದೆಯಲ್ಲಿ ಬೆಳೆದ ಕಾಳಿನಷ್ಟು ಸಾಂದ್ರತೆ ಸಾರವರ್ಧಿತ ಕಾಳಿಗಿಲ್ಲದ ಕಾರಣ ಅದು ನೀರಿನಲ್ಲಿ ತೇಲುತ್ತದೆ. ಬಣ್ಣವೂ ತುಸು ಬೇರೆಯಾಗಿ ಕಾಣುತ್ತದೆ.

ಅನ್ನದ ಉಂಡೆ ನೆಲಕ್ಕೆ ಬಡಿದರೆ ಪುಟಿಯುತ್ತದೆ ಎಂಬುದು ಇದೇ ವದಂತಿಗೆ ಕೊಡುವ ಇನ್ನೊಂದು ಪುರಾವೆ. ಬೆಂದ ಅಕ್ಕಿಯ ಪಿಷ್ಟ ಅಂಟಾಗಿ, ಹಿಗ್ಗಿ ಕುಗ್ಗುವ ಗುಣ ಪಡೆಯುವುದರಿಂದ ಯಾವ ಒಳ್ಳೆಯ ಅಕ್ಕಿಯ ಉಂಡೆಯಾದರೂ ಅಷ್ಟಿಷ್ಟು ಪುಟಿಯುತ್ತದೆ. ಅನುಮಾನ ಬಿಡದಿದ್ದರೆ ನಾಲ್ಕು ಕಾಳನ್ನು ಬಾಣಲೆಯಲ್ಲಿ ಹುರಿದು ನೋಡಬಹುದು. ಅಕ್ಕಿ ಕೆಂಪಾಗಿ ಕೊನೆಗೆ ಕರಕಲಾಗುತ್ತದೆ, ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ನೀರು ಹೀರಿ ಅನ್ನವಾಗಿ ಅರಳುವುದಂತೂ ಸಾಧ್ಯವೇ ಇಲ್ಲ. ಈ ವದಂತಿಯಿಂದ ಆಗಿರುವ ನಷ್ಟ ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಅವರಿಗಾಗಿಯೇ ಬೆರೆಸಿದ ಕಾಳನ್ನು ಮೊರದಲ್ಲಿ ಆರಿಸಿ ಎಸೆಯುವ ಕೆಲಸ ಮನೆಮನೆಯಲ್ಲಿ ನಡೆಯುತ್ತಿದೆ.

ಪ್ಲಾಸ್ಟಿಕ್ ಮೊಟ್ಟೆಯ ಕಥೆಯೂ ಇಂಥದ್ದೇ. ಚಿಪ್ಪಿನ ಒಳಗಿನ ತೆಳು ಪೊರೆ ಒಣಗಿದಾಗ ಹಾಳೆಯಂತೆ ಎದ್ದು ಬರುತ್ತದೆ, ಅದನ್ನೇ ಪ್ಲಾಸ್ಟಿಕ್ ಎಂದು ತೋರಿಸಲಾಗುತ್ತದೆ. ಇನ್ನು ಮೊಟ್ಟೆಯನ್ನು ನೀರಿಗೆ ಬಿಟ್ಟು ನೋಡುವ ಹಳೆಯ ಪರೀಕ್ಷೆ ಪೂರ್ತಿ ಸುಳ್ಳಲ್ಲ, ಆದರೆ ಅದು ಹೇಳುವುದು ಮೊಟ್ಟೆಯ ವಯಸ್ಸನ್ನು ಮಾತ್ರ. ಚಿಪ್ಪಿನ ಸಾವಿರಾರು ಸಣ್ಣ ರಂಧ್ರಗಳ ಮೂಲಕ ಒಳಗಿನ ತೇವ ಆರುತ್ತಾ ಹೋದಂತೆ ಅಗಲ ತುದಿಯ ಗಾಳಿಗೂಡು ದೊಡ್ಡದಾಗುತ್ತದೆ. ಹೊಸ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಹಳೆಯದು ನೆಟ್ಟಗೆ ನಿಲ್ಲುತ್ತದೆ, ಇನ್ನೂ ಹಳೆಯದು ತೇಲುತ್ತದೆ. ತೇಲಿದ್ದೆಲ್ಲ ಕೊಳೆತಿರುವುದಿಲ್ಲ. ಮುಳುಗಿದ ತಾಜಾ ಮೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಬೇರೆ ಬಟ್ಟಲಿಗೆ ಒಡೆದು ನೋಡಿ, ಹಳದಿ ಗಟ್ಟಿಯಾಗುವವರೆಗೆ ಬೇಯಿಸುವುದು ಹೆಚ್ಚು ಭದ್ರ. ಕಂದು ಮೊಟ್ಟೆಯಲ್ಲಿ ಸತ್ವ ಜಾಸ್ತಿ ಎಂಬುದಕ್ಕೂ ಆಧಾರವಿಲ್ಲ. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ.

ಜೇನುತುಪ್ಪ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎನ್ನುವುದು ಮಾರುವವರಿಗೆ ಅನ್ಯಾಯ ಮಾಡುವ ನಂಬಿಕೆ. ಜೇನಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಇರುತ್ತವೆ. ಗ್ಲೂಕೋಸ್ ನೀರಿನಲ್ಲಿ ಕರಗುವುದು ಕಡಿಮೆಯಾದ್ದರಿಂದ ತಂಪು ಹವೆಯಲ್ಲಿ ಹರಳಾಗಿ ಬೇರ್ಪಡುತ್ತದೆ. ಯಾವ ಹೂವಿನ ಮಕರಂದವೋ ಅದರ ಮೇಲೆ ಈ ಎರಡರ ಪ್ರಮಾಣ ನಿಂತಿದೆ, ಹಾಗಾಗಿ ಒಂದು ಜೇನು ಬೇಗ ಗಟ್ಟಿಯಾಗುತ್ತದೆ, ಇನ್ನೊಂದು ಬಹುಕಾಲ ತೆಳ್ಳಗೇ ಇರುತ್ತದೆ. ಶೀಶೆಯನ್ನು ಬಿಸಿನೀರಿನಲ್ಲಿಟ್ಟರೆ ಮತ್ತೆ ಕರಗುತ್ತದೆ. ನೀರಿನ ಲೋಟದ ತಳಕ್ಕೆ ಇಳಿಯಿತೇ, ಅದ್ದಿದ ಬತ್ತಿ ಹತ್ತಿಕೊಂಡಿತೇ ಎಂಬ ಪರೀಕ್ಷೆಗಳು ಅದರಲ್ಲಿ ನೀರಿನಂಶ ಎಷ್ಟಿದೆ ಎಂಬುದನ್ನಷ್ಟೇ ಸೂಚಿಸುತ್ತವೆ. ಗಟ್ಟಿಯಾಗಿ ಕಾಯಿಸಿದ ಸಕ್ಕರೆ ಪಾಕವೂ ಅವುಗಳಲ್ಲಿ ಸಲೀಸಾಗಿ ಪಾಸಾಗುತ್ತದೆ. ಕಲಬೆರಕೆ ತಿಳಿಯಲು ಪ್ರಯೋಗಾಲಯವೇ ಬೇಕು. ಕಬ್ಬಿನ ಸಕ್ಕರೆಯನ್ನು ಹಿಡಿಯುವ ಇಂಗಾಲದ ಪರೀಕ್ಷೆಯಿಂದ ಅಕ್ಕಿಯ ಪಾಕ ತಪ್ಪಿಸಿಕೊಳ್ಳುತ್ತದೆ ಎಂದ ಮೇಲೆ ಬತ್ತಿಯ ಮಾತೆಲ್ಲಿ? ಜೇನು ಎಷ್ಟೇ ಶುದ್ಧವಾಗಿದ್ದರೂ ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಬಾರದು. ಅದರಲ್ಲಿರಬಹುದಾದ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು.

ಹಾಲಿನಲ್ಲಿ ಕೆನೆ ತೆಳ್ಳಗಿದ್ದರೆ ನೀರು ಬೆರೆತಿದೆ ಎಂದು ತೀರ್ಮಾನಿಸುವವರು ಪ್ಯಾಕೆಟ್ ಮೇಲಿನ ಅಕ್ಷರ ಓದುವುದು ಒಳ್ಳೆಯದು. ಟೋನ್ಡ್ ಹಾಲಿನಲ್ಲಿ ನಿಯಮದ ಪ್ರಕಾರವೇ ಕೊಬ್ಬು ಶೇ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6. ಹೋಮೊಜಿನೈಸ್ ಮಾಡಿದ ಹಾಲಿನಲ್ಲಿ ಕೊಬ್ಬಿನ ಕಣಗಳು ಒಡೆದು ಎಲ್ಲೆಡೆ ಹರಡಿಕೊಂಡಿರುವುದರಿಂದ ಕೆನೆ ದಪ್ಪಗೆ ಕಟ್ಟುವುದಿಲ್ಲ. ಲ್ಯಾಕ್ಟೋಮೀಟರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನೀರು ಸೇರಿದರೆ ಹಾಲಿನ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವನ ಹಾಲು ಅಳತೆಗೆ ಸರಿಯಾಗಿಯೇ ನಿಲ್ಲಬಹುದು.

ಬೇಳೆಗೆ ಮೊದಲೇ ಉಪ್ಪು ಹಾಕಿದರೆ ಬೇಯುವುದಿಲ್ಲ ಎಂಬುದೂ ತಪ್ಪು. ಕಾಳು ನೆನೆಯುವ ನೀರಿಗೆ ಉಪ್ಪು ಸೇರಿಸಿದರೆ ಸಿಪ್ಪೆ ಇನ್ನಷ್ಟು ಮೆತ್ತಗಾಗುತ್ತದೆ. ಆದರೆ ಅಡುಗೆಮನೆಯ ಮಾತೆಲ್ಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಅವಸರವಾದೀತು. ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂದು ಬಯಲುಸೀಮೆಯ ಹೆಂಗಸರು ಹೇಳುವುದು ನಿಜ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಕಾಳಿನೊಳಗಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತವೆ. ಹುಣಸೆ, ಟೊಮೆಟೊ ಹುಳಿಯೂ ಬೇಯುವುದನ್ನು ತಡೆಯುತ್ತದೆ, ಆದ್ದರಿಂದ ಬೇಳೆ ಬೆಂದ ಮೇಲೆ ಹುಳಿ ಹಿಂಡುವ ವಾಡಿಕೆ ಸರಿಯಾದದ್ದೇ. ಚಿಟಿಕೆ ಸೋಡಾ ಹಾಕಿದರೆ ಬೇಳೆ ಬೇಗ ಕರಗುತ್ತದೆ, ಜೊತೆಗೆ ವಿಟಮಿನ್ ಬಿ1 ಕೂಡ ನಾಶವಾಗುತ್ತದೆ.

ಹಸಿರಾದ ಆಲೂಗಡ್ಡೆ ಬೇಯಿಸಿದರೆ ಸರಿಹೋಗುತ್ತದೆ ಎಂಬ ಮಾತು ನಿಜವಲ್ಲ. ಹಸಿರು ಬಣ್ಣ ಬೆಳಕಿಗೆ ಮೂಡುವ ನಿರುಪದ್ರವಿ ಪತ್ರಹರಿತ್ತು, ಆದರೆ ಅದೇ ಬೆಳಕಿಗೆ ಅಲ್ಲಿ ಸೊಲನೈನ್ ಎಂಬ ವಿಷವೂ ಹೆಚ್ಚಿರುತ್ತದೆ, ಮತ್ತು ಕುದಿಸಿದರೂ ಅದು ಹೋಗುವುದಿಲ್ಲ. ಅಲ್ಪಸ್ವಲ್ಪ ಹಸಿರಿದ್ದರೆ ಆ ಭಾಗವನ್ನೂ ಮೊಳಕೆಯನ್ನೂ ಆಳವಾಗಿ ಕೆತ್ತಿ ತೆಗೆಯಬೇಕು. ಕಹಿಯಾದ ಗಡ್ಡೆಯನ್ನು ಎಸೆಯಬೇಕು.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ‘ಚೆನ್ನಾಗಿ ಕುದಿಸಿದರೆ ಎಲ್ಲವೂ ಸರಿ, ವಾಸನೆ ಬಾರದಿದ್ದರೆ ತಿನ್ನಬಹುದು’ ಎಂಬ ಧೈರ್ಯ. ಅಕ್ಕಿಯಲ್ಲಿ ಸಹಜವಾಗಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಉಳಿದರೆ ಅವು ಮೊಳೆತು ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷಕ್ಕೆ ವಾಸನೆಯಿಲ್ಲ, ಕುಕ್ಕರಿನ ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖಕ್ಕೂ ಅದು ಜಗ್ಗುವುದಿಲ್ಲ. ಮರುಬಿಸಿ ಬ್ಯಾಕ್ಟೀರಿಯಾವನ್ನು ಕೊಂದೀತು, ಅದು ಆಗಲೇ ಬಿಟ್ಟ ವಿಷವನ್ನಲ್ಲ.

ಬಿಸಿ ಅಡುಗೆ ಫ್ರಿಜ್‌ನಲ್ಲಿಡಬಾರದು ಎಂಬ ಇನ್ನೊಂದು ನಂಬಿಕೆ ಈ ಅಪಾಯವನ್ನು ಇಮ್ಮಡಿಗೊಳಿಸುತ್ತದೆ. ಪೂರ್ತಿ ಆರಲೆಂದು ಪಾತ್ರೆಯನ್ನು ಇಡೀ ರಾತ್ರಿ ಕಟ್ಟೆಯ ಮೇಲೆ ಬಿಡುವುದೇ ತಪ್ಪು. ಬ್ಯಾಕ್ಟೀರಿಯಾ ಬೆಳೆಯುವುದು ಮುಖ್ಯವಾಗಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಕುದಿಯುವ ದೊಡ್ಡ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಅಕ್ಕಪಕ್ಕದ ಪದಾರ್ಥ ಬೆಚ್ಚಗಾಗುವುದು ನಿಜ. ಅದಕ್ಕೆ ಅನ್ನವನ್ನು ಅಗಲ ತಟ್ಟೆಗೆ ಹರವಿ ಹಬೆ ಆರಿಸಿ, ಎರಡು ಗಂಟೆಯೊಳಗೆ ಮುಚ್ಚಿ ಒಳಗಿಡಬೇಕು. ಹೀಗೆ ಇಟ್ಟ ಅನ್ನವನ್ನು ಮಾರನೆಯ ಬೆಳಿಗ್ಗೆ ಒಗ್ಗರಣೆ ಹಾಕಿ, ಹಬೆಯಾಡುವಷ್ಟು ಬಿಸಿ ಮಾಡಿ ಒಮ್ಮೆ ತಿನ್ನಬಹುದು. ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಚಿತ್ರಾನ್ನ ಮಾಡಿದರೂ ತಿನ್ನಬಾರದು.