ಸೊಂಟ ನೋವಿಗೆ ಬೆನ್ನಿಗೆ ಇಂಜೆಕ್ಷನ್: ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಚಿತ್ರದುರ್ಗ: ಹೊಳಲ್ಕೆರೆ ಕಡೆ ಅಡಿಕೆ ಗೊನೆ ಹೊರುವವರು, ಹೊಸದುರ್ಗದಲ್ಲಿ ತೆಂಗಿನಕಾಯಿ ಲೋಡ್ ಮಾಡುವವರು, ಹಿರಿಯೂರು ಹೈವೇಯಲ್ಲಿ ಲಾರಿ ಓಡಿಸುವವರು, ದುರ್ಗದಲ್ಲಿ ಬೆಳಗ್ಗೆಯಿಂದ ಗಲ್ಲಾ ಮುಂದೆ ಕೂತಿರುವವರು. ಎಲ್ಲರದ್ದೂ ಒಂದೇ ಗೋಳು, ಸೊಂಟ ನೋವು. ಮಾತ್ರೆಗೆ ಬಗ್ಗದಿದ್ದರೆ 'ಬೆನ್ನಿಗೇ ಒಂದು ಇಂಜೆಕ್ಷನ್ ಹಾಕಿಸ್ಕೊಂಡ್ರೆ ಹೋಗುತ್ತಂತೆ' ಅನ್ನೋ ಮಾತು ಬರುತ್ತೆ. ನಿಜವಾಗ್ಲೂ ಹೋಗುತ್ತಾ?

ಯಾವ ಇಂಜೆಕ್ಷನ್ ಅನ್ನೋದೇ ಮೊದಲ ಪ್ರಶ್ನೆ. ಕ್ಲಿನಿಕ್‌ನಲ್ಲಿ ಸೊಂಟದ ಕೆಳಗೆ ಚುಚ್ಚುವ ಡೈಕ್ಲೋಫೆನಾಕ್ ಕೆಲವು ಗಂಟೆ ನೋವು ತಗ್ಗಿಸುತ್ತೆ, ಅಷ್ಟೇ. ವಾರಕ್ಕೊಮ್ಮೆ ಅಂತ ರೂಢಿ ಮಾಡ್ಕೊಂಡರೆ ಹೊಟ್ಟೆ, ಕಿಡ್ನಿಗೆ ಪೆಟ್ಟು. 'ನರಕ್ಕೆ ಶಕ್ತಿ' ಅಂತ ಕೊಡುವ ಬಿ12 ಕೆಲಸ ಮಾಡೋದು ದೇಹದಲ್ಲಿ ಬಿ12 ಕಡಿಮೆ ಇದ್ದವರಿಗೆ. ಮೂರನೆಯದೇ ಈಗ ಹೆಚ್ಚು ಚರ್ಚೆಯಲ್ಲಿರುವ ಎಪಿಡ್ಯೂರಲ್ ಸ್ಟಿರಾಯ್ಡ್. ಬೆನ್ನುಮೂಳೆ ಒಳಗೆ, ನರಗಳ ಸುತ್ತ ಇರುವ ಜಾಗಕ್ಕೆ ಎಕ್ಸ್‌ರೇ ಪರದೆ ನೋಡ್ಕೊಂಡು ಮದ್ದು ಬಿಡ್ತಾರೆ. ಇದು ನರದ ಸುತ್ತಲಿನ ಊತ ಇಳಿಸುತ್ತೆ. ಜಾರಿದ ಡಿಸ್ಕನ್ನು ವಾಪಸ್ ಕೂರಿಸಲ್ಲ, ಸವೆದ ಮೂಳೆಯನ್ನು ಬೆಳೆಸಲ್ಲ.

2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ ಈ ಬಗ್ಗೆ ಒಂದು ಮಾರ್ಗಸೂಚಿ ಪ್ರಕಟಿಸಿತು. 81 ಪ್ರಯೋಗಗಳ, ಸುಮಾರು 8 ಸಾವಿರ ರೋಗಿಗಳ ಲೆಕ್ಕ ಅದಕ್ಕೆ ಆಧಾರ. ಮೂರು ತಿಂಗಳು ದಾಟಿದ ಬೆನ್ನು, ಕುತ್ತಿಗೆ ನೋವಿಗೆ ಎಪಿಡ್ಯೂರಲ್, ನರ ಬ್ಲಾಕ್, ನರ ಸುಡುವ ಚಿಕಿತ್ಸೆ ಬೇಡ ಎಂದೇ ಗಟ್ಟಿಯಾಗಿ ಹೇಳಿತು. ಕಾರಣ ಸರಳ. ಇಂಥ ಪ್ರಯೋಗಗಳಲ್ಲಿ ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಹೆಸರಿಗೆ ಮಾತ್ರ ಚಿಕಿತ್ಸೆ. ಯಾರಿಗೆ ಯಾವುದು ಅಂತ ರೋಗಿಗೆ ಗೊತ್ತಿರಲ್ಲ. ಕೊನೆಗೆ ನೋಡಿದರೆ ಇಬ್ಬರ ನೋವಿನಲ್ಲೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಹಾಗಾದ್ರೆ 'ನಮ್ಮ ಪಕ್ಕದ ಮನೆಯವರಿಗೆ ಹೋಯ್ತಲ್ಲ' ಅನ್ನೋದು ಸುಳ್ಳಾ? ಸುಳ್ಳಲ್ಲ. ಆದರೆ ಜನ ಆಸ್ಪತ್ರೆಗೆ ಓಡೋದು ನೋವು ತಾಳಕ್ಕಾಗದ ದಿನ. ಅಲ್ಲಿಂದ ಮುಂದೆ ನೋವು ತಾನಾಗೇ ಸ್ವಲ್ಪ ಇಳಿಯೋದೂ ಇದೆ, ಹೆಸರು ಮಾತ್ರ ಸೂಜಿಗೆ.

ಒಂದು ಕಡೆ ಮಾತ್ರ ಸೂಜಿಯ ಪರವಾಗಿ ಮಾತಾಡಬಹುದು. ಡಿಸ್ಕ್ ಜಾರಿ ನರ ಒತ್ತಿ, ನೋವು ಸೊಂಟದಿಂದ ಕಾಲಿಗೆ ಎಳೆಯುತ್ತಲ್ಲ, ಸಯಾಟಿಕಾ ಅಂತಾರೆ, ಅಂಥವರಿಗೆ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ ಅದೇ 2025ರಲ್ಲಿ ಮಾಡಿದ ಪರಿಶೀಲನೆ ಪ್ರಕಾರ, ಸೂಜಿ ಪಡೆಯದವರಿಗಿಂತ ಪಡೆದವರಲ್ಲಿ ನೂರಕ್ಕೆ 24 ಮಂದಿ ಹೆಚ್ಚಿಗೆ ನೋವು ಕಡಿಮೆ ಆಯ್ತು ಅಂದಿದ್ದಾರೆ. ಅದೂ ಮೂರು ತಿಂಗಳವರೆಗೆ. ನಿದ್ದೆಯಿಲ್ಲದೆ ನರಳುವವರಿಗೆ ಮೂರು ತಿಂಗಳೂ ದೊಡ್ಡದೇ. ಆದರೆ 'ಪರ್ಮನೆಂಟ್ ಪರಿಹಾರ' ಅಂತ ಯಾರಾದ್ರೂ ಬೋರ್ಡ್ ಹಾಕಿದ್ದರೆ ನಂಬಬೇಡಿ.

ಶುಗರ್ ಇರುವವರು ಹುಷಾರು, ಸ್ಟಿರಾಯ್ಡ್ ಹಾಕಿದ ಮೇಲೆ ಕೆಲವು ದಿನ ಶುಗರ್ ಏರುತ್ತೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳುವವರು ಅದನ್ನ ಡಾಕ್ಟರ್‌ಗೆ ಮೊದಲೇ ಹೇಳಲೇಬೇಕು. ಅಪರೂಪಕ್ಕೆ ಪಾರ್ಶ್ವವಾಯು, ದೃಷ್ಟಿ ಹೋಗುವುದು ಕೂಡ ಆಗಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲೇ ಎಚ್ಚರಿಸಿದೆ. ಹಾಗಾಗಿ ದುಡ್ಡು ಕಟ್ಟೋ ಮುಂಚೆ ಕೇಳಿ: ನನ್ನದು ನರ ಒತ್ತಿದ ನೋವಾ, ಬರೀ ಸೊಂಟದ್ದಾ? ಪರದೆ ನೋಡ್ಕೊಂಡು ಹಾಕ್ತೀರಾ? ಎಷ್ಟು ತಿಂಗಳು ತಡೆಯುತ್ತೆ? ಆಮೇಲೇನು?

ಹೊಸದಾಗಿ ಬಂದ ಡಿಸ್ಕ್ ನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತೆ. ಹಾಸಿಗೆ ಹಿಡಿದು ಮಲಗೋದಕ್ಕಿಂತ ಆದಷ್ಟು ಓಡಾಡೋದು, ಫಿಸಿಯೋಥೆರಪಿ ವ್ಯಾಯಾಮ ಮಾಡೋದು ಮೇಲು. ಇದರಲ್ಲಿ ಮಜಾ ಇಲ್ಲ, ಬೇಗ ಫಲ ಕಾಣಲ್ಲ, ಅದಕ್ಕೇ ಯಾರೂ ಮಾಡಲ್ಲ.

ಕಾಯಬಾರದ ನೋವೂ ಇದೆ. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಕೂರುವ ಜಾಗ ಜೋಮು ಹಿಡಿಯುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಇವು ಕಂಡ ದಿನವೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಬೆನ್ನು ನೋವಿನ ಜೊತೆ ಸಂಜೆ ಜ್ವರ, ಮೈ ಇಳಿಯುವುದು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು. ಕುರಿ, ದನ ಸಾಕುವವರಿಗೆ ಬ್ರೂಸೆಲ್ಲಾ ಸೋಂಕಿನಿಂದಲೂ ಹೀಗಾಗುತ್ತೆ, ಕುರಿ ಇದೆ ಅನ್ನೋದನ್ನ ಡಾಕ್ಟರ್‌ಗೆ ಹೇಳಿ. ಎರಡಕ್ಕೂ ಮಾತ್ರೆ, ಮದ್ದಿನ ಕೋರ್ಸ್ ಇದೆ. ಸ್ಟಿರಾಯ್ಡ್ ಸೂಜಿ ಹಾಕಿಸಿದರೆ ಸೋಂಕು ಇನ್ನೂ ಕೆರಳಬಹುದು.